ಎಲ್ಲವನ್ನೂ ತುಂಬಿದ ಡೆಮೊ ಯಾಕೆ ಕೆಲಸ ತರುವುದಿಲ್ಲ

ಸಂಗೀತ ನಿರ್ದೇಶನಕ್ಕೆ ಹೊಸದಾಗಿ ಕೈ ಹಾಕುವವರ ಡೆಮೊಗಳಲ್ಲಿ ಒಂದು ಜಾಡು ಮತ್ತೆ ಮತ್ತೆ ಕಾಣುತ್ತದೆ. ಮೊದಲು ಒಂದು ಮೆಲೊಡಿ, ಆಮೇಲೆ ಒಂದು ಕುಣಿತದ ಹಾಡು, ನಡುವೆ ಹೀರೊ ಎಂಟ್ರಿಗೆ ತಮಟೆಯ ಅಬ್ಬರ, ಒಂದು ಭಕ್ತಿಗೀತೆ, ಕೊನೆಗೆ ಒಂದಿಷ್ಟು ಜಾಝ್. ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ. ‘ನನಗೆ ಎಲ್ಲ ಥರದ್ದೂ ಬರುತ್ತೆ ಅಂತ ಗೊತ್ತಾಗಲಿ’ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಈ ಲೆಕ್ಕಾಚಾರವೇ ತಪ್ಪು. ಕೇಳುವ ನಿರ್ದೇಶಕರ ತಲೆಯಲ್ಲಿ ಆ ಹೊತ್ತಿಗೆ ಇರುವುದು ಒಂದೇ ಸಿನಿಮಾ, ಅವರದ್ದು. ನಿಮಗೆ ಎಷ್ಟು ಬರುತ್ತದೆ ಎಂದು ಅಳೆಯಲು ಅವರು ಕೂತಿಲ್ಲ. ತಮ್ಮ ಚಿತ್ರದ ಉಸಿರು ಈ ಸಂಗೀತದಲ್ಲಿ ಇದೆಯೇ ಎಂದು ನೋಡುತ್ತಿದ್ದಾರೆ. ಕರಾವಳಿಯ ಹಿನ್ನೆಲೆಯ ಥ್ರಿಲರ್ ಮಾಡುತ್ತಿರುವವರಿಗೆ ನಿಮ್ಮ ಕುಣಿತದ ಹಾಡು ಎಷ್ಟು ಚೆನ್ನಾಗಿದ್ದರೂ ಅದು ದಾರಿಗೆ ಅಡ್ಡ.

ಎರಡರಿಂದ ಮೂರು ನಿಮಿಷ ಸಾಕು. ಮೂರೋ ನಾಲ್ಕೋ ತುಣುಕು, ಒಂದೊಂದೂ ಮುಕ್ಕಾಲು ನಿಮಿಷದ ಆಸುಪಾಸು. ನಿಮ್ಮ ಕೆಲಸಗಳನ್ನೆಲ್ಲ ಬಿಡಿಬಿಡಿಯಾಗಿ ಇಟ್ಟುಕೊಳ್ಳಿ, ಯಾರಿಗೆ ಕಳಿಸುತ್ತೀರೋ ಅವರಿಗೆ ತಕ್ಕಂತೆ ಆರಿಸಿ ಜೋಡಿಸಿ. ಜಾಹೀರಾತಿನವರಿಗೆ ಕಳಿಸುವ ಡೆಮೊ ಬೇರೆ, ಧಾರಾವಾಹಿಯವರಿಗೆ ಬೇರೆ. ಗೇಮ್ ಮಾಡುವ ಕಂಪನಿಗಾದರೆ ಸಂಗೀತ ಎಲ್ಲೂ ಹೊಲಿಗೆ ಕಾಣದಂತೆ ಲೂಪ್ ಆಗುತ್ತದೆಯೇ, ಆಟ ಬಿರುಸಾದಾಗ ಮೇಲೊಂದು ಪದರ ಸೇರಿಸಬಹುದೇ ಎಂಬುದನ್ನೇ ತೋರಿಸಬೇಕು.

ನಿಧಾನವಾಗಿ ಶುರುವಾಗಿ ಕೊನೆಗೆ ಏರಬೇಕು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿ. ಅದಕ್ಕೆ ಕಾರಣವೂ ಇದೆ. ಆಲಾಪನೆ ಆದಮೇಲೆ ಪಲ್ಲವಿ ಎಂಬ ಕ್ರಮದಲ್ಲಿ ಕಿವಿ ಪಳಗಿಸಿಕೊಂಡವರು ನಾವು. ಆದರೆ ಕಛೇರಿಗೆ ಬಂದವರು ಕೇಳಲೆಂದೇ ಬಿಡುವು ಮಾಡಿಕೊಂಡು ಬಂದಿರುತ್ತಾರೆ. ಡೆಮೊ ಕೇಳುವವರು ಎಡಿಟಿಂಗ್ ನಡುವೆ, ಕಾರಿನಲ್ಲಿ, ಊಟ ಬರುವಷ್ಟರಲ್ಲಿ ಕೇಳುತ್ತಾರೆ. ಹಾಗಾಗಿ ನಿಮ್ಮ ಅತ್ಯುತ್ತಮ ತುಣುಕೇ ಮೊದಲು ಬರಲಿ. ಅದರಲ್ಲೂ ಪೀಠಿಕೆ ಕತ್ತರಿಸಿ, ರಾಗದ ಮುಖ ಕಾಣುವ ಜಾಗದಿಂದಲೇ ಶುರುವಾಗಲಿ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಎಲ್. ವೈದ್ಯನಾಥನ್ ಮಾಡಿದ ಶೀರ್ಷಿಕೆ ಸಂಗೀತ ನೆನಪಿಸಿಕೊಳ್ಳಿ. ಆ ಗುನುಗು ಶುರುವಾಗುತ್ತಿದ್ದಂತೆಯೇ ಊರು ಕಣ್ಣ ಮುಂದೆ ಬರುತ್ತದೆ, ಕಾಯಿಸುವುದೇ ಇಲ್ಲ.

ಹೆಚ್ಚು ಹಾನಿ ಮಾಡುವ ತಪ್ಪು ಕಲ್ಪನೆ ಮಾತ್ರ ಬೇರೆಯದು: ಹಾಡು ಚೆನ್ನಾಗಿ ಮಾಡಿದರೆ ಆಯಿತು, ಹಿನ್ನೆಲೆ ಸಂಗೀತ ತಾನಾಗಿ ಬರುತ್ತದೆ ಎನ್ನುವುದು. ಹಿನ್ನೆಲೆ ಸಂಗೀತವನ್ನು ನಮ್ಮ ಉದ್ಯಮದಲ್ಲಿ ಆರ್‌ಆರ್, ಅಂದರೆ ರೀರೆಕಾರ್ಡಿಂಗ್ ಎನ್ನುತ್ತಾರೆ; ಅದು ಹಾಡಿಗಿಂತ ಪೂರ್ತಿ ಬೇರೆಯ ವಿದ್ಯೆ. 2015ರ ‘ರಂಗಿತರಂಗ’ದಲ್ಲಿ ಹಾಡುಗಳು ನಿರ್ದೇಶಕ ಅನೂಪ್ ಭಂಡಾರಿ ಅವರದೇ, ಹಿನ್ನೆಲೆ ಸಂಗೀತ ಅಜನೀಶ್ ಲೋಕನಾಥ್ ಅವರದು. ಹೀಗೆ ಎರಡು ಕೆಲಸಕ್ಕೆ ಇಬ್ಬರನ್ನು ಆರಿಸುವ ರೂಢಿ ಇದೆ. ಅಂದಮೇಲೆ ಆರ್‌ಆರ್ ಕೇಳಿಸದ ಡೆಮೊ, ನಿಮ್ಮ ಅರ್ಧ ಶಕ್ತಿಯನ್ನು ಮುಚ್ಚಿಟ್ಟಂತೆ.

ಒಂದು ದೃಶ್ಯ ಇಟ್ಟುಕೊಂಡು ನೋಡೋಣ. ರಾತ್ರಿ, ಅಡುಗೆಮನೆ. ಕೆಲಸ ಕಳೆದುಕೊಂಡು ಬಂದ ಮಗ ಬಾಗಿಲಲ್ಲಿ ನಿಂತಿದ್ದಾನೆ, ಅಮ್ಮನಿಗೆ ಇನ್ನೂ ಗೊತ್ತಿಲ್ಲ. ‘ಊಟಕ್ಕೆ ಬಡಿಸ್ಲಾ?’ ಎಂದು ಕೇಳುತ್ತಾಳೆ. ಹೊಸಬರು ಮೊದಲ ಫ್ರೇಮಿನಿಂದಲೇ ಅಳುವ ಪಿಟೀಲು ನುಡಿಸಲು ಶುರು ಮಾಡುತ್ತಾರೆ. ಆಗ ಎರಡು ಅನಾಹುತ ಆಗುತ್ತವೆ. ಮಗ ಬಾಯಿ ಬಿಡುವ ಮೊದಲೇ ಸಂಗೀತ ಎಲ್ಲ ಹೇಳಿಬಿಡುತ್ತದೆ. ಮತ್ತೆ, ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದು ಹೆಚ್ಚುಕಮ್ಮಿ 1000ದಿಂದ 4000 ಹರ್ಟ್ಸ್ ಒಳಗೆ. ಪಿಟೀಲು, ಕೊಳಲಿನ ಮೇಲಿನ ಸ್ಥಾಯಿಯೂ ಅಲ್ಲೇ ಓಡಾಡುತ್ತದೆ. ಎರಡೂ ಗುದ್ದಾಡಿದಾಗ ಮಿಕ್ಸಿಂಗ್ ಎಂಜಿನಿಯರ್ ಸಂಗೀತದ ಫೇಡರ್ ಇಳಿಸುತ್ತಾರೆ. ಮಾತು ಉಳಿಯಲೇಬೇಕು, ಬೇರೆ ದಾರಿಯಿಲ್ಲ. ನಿಮ್ಮ ಪಿಟೀಲು ಅಲ್ಲಿಗೆ ಮುಗಿಯಿತು.

ಪಳಗಿದವರು ಅಮ್ಮನ ಪ್ರಶ್ನೆಯವರೆಗೂ ಸುಮ್ಮನಿರುತ್ತಾರೆ. ಪಾತ್ರೆಯ ಸದ್ದು, ಒಲೆಯ ಸದ್ದು ಸಾಕು. ಮಗ ಉತ್ತರಿಸದೆ ನಿಂತಾಗ ಚೆಲ್ಲೋದ ಒಂದೇ ಮಂದ್ರ ಸ್ವರ ಗೊತ್ತಾಗದ ಹಾಗೆ ಒಳಗೆ ಬರುತ್ತದೆ. ಸ್ವರ ಬದಲಾಗುವುದು ಮಾತುಗಳ ನಡುವಿನ ಬಿಡುವಿನಲ್ಲಿ ಮಾತ್ರ. ‘ಬೇಡಮ್ಮ’ ಎನ್ನುವುದಕ್ಕೆ ಸ್ವಲ್ಪ ಮೊದಲು ಅದೂ ನಿಂತುಬಿಡುತ್ತದೆ; ಆ ಒಂದು ಪದ ಪೂರ್ತಿ ನಿಶ್ಶಬ್ದದಲ್ಲಿ ಬೀಳುತ್ತದೆ. ಮಾತಿನ ಸಮೇತ ಇಂಥ ನಲವತ್ತು ಸೆಕೆಂಡು ನಿಮ್ಮ ಡೆಮೊದಲ್ಲಿದ್ದರೆ ನಿರ್ದೇಶಕರಿಗೆ ಮೂರು ಹಾಡುಗಳು ಹೇಳದ ಸಂಗತಿ ತಿಳಿಯುತ್ತದೆ: ಈ ವ್ಯಕ್ತಿ ನನ್ನ ನಟರನ್ನು ಕೇಳಿಸಿಕೊಳ್ಳುತ್ತಾರೆ. ದಯವಿಟ್ಟು ಸಂಭಾಷಣೆ ತೆಗೆದು ಬರೀ ಸಂಗೀತ ಕೇಳಿಸಬೇಡಿ.

ಸರಿ, ದೃಶ್ಯ ಎಲ್ಲಿಂದ ತರುವುದು? ಹೆಸರಾಂತ ಸಿನಿಮಾದ ದೃಶ್ಯಕ್ಕೆ ಹೊಸ ಸಂಗೀತ ಹಾಕುವುದೇ ಒಳ್ಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ಕಲಿಯಲು ಮನೆಯಲ್ಲಿ ಹಾಗೆ ಮಾಡುವುದು ಒಳ್ಳೆಯ ಸಾಧನೆಯೇ, ಡೆಮೊಗೆ ಅದು ಹೊಂದುವುದಿಲ್ಲ. ಕೇಳುವವರ ಕಿವಿಯಲ್ಲಿ ಮೂಲ ಸಂಗೀತ ಆಗಲೇ ಕೂತಿದೆ, ನೀವು ಅದರೊಂದಿಗೆ ಸೆಣಸಬೇಕು. ಬಿಡುಗಡೆಯಾದ ಚಿತ್ರದಲ್ಲಿ ಮಾತು, ಸದ್ದು, ಸಂಗೀತ ಒಂದಾಗಿ ಬೆರೆತಿರುತ್ತವೆ. ಹಳೆಯ ಸಂಗೀತ ತೆಗೆಯಲು ಹೋದರೆ ಹೆಜ್ಜೆಯ ಸಪ್ಪಳ, ಗಾಳಿಯ ಸದ್ದು ಕೂಡ ಹೋಗಿ ದೃಶ್ಯ ನಿರ್ಜೀವವಾಗುತ್ತದೆ. ಅಲ್ಲದೆ ಆ ದೃಶ್ಯದ ಹಕ್ಕು ನಿರ್ಮಾಪಕರದು. ಅನುಮತಿಯಿಲ್ಲದೆ ಯೂಟ್ಯೂಬಿಗೆ ಏರಿಸಿದರೆ ಅಲ್ಲಿನ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿಯಬಹುದು. ನಿರ್ದೇಶಕರು ಲಿಂಕ್ ಒತ್ತಿದಾಗ ವಿಡಿಯೊ ತಡೆಹಿಡಿಯಲಾಗಿದೆ ಎಂಬ ಸೂಚನೆ ಕಂಡರೆ ಮತ್ತೆ ಒತ್ತುವುದಿಲ್ಲ.

ಇದಕ್ಕೆ ಒಳ್ಳೆಯ ದಾರಿಗಳಿವೆ. ಬ್ಲೆಂಡರ್ ಸಂಸ್ಥೆಯ ಅನಿಮೇಷನ್ ಕಿರುಚಿತ್ರಗಳಾದ ‘ಬಿಗ್ ಬಕ್ ಬನ್ನಿ’ (2008), ‘ಸಿಂಟೆಲ್’ (2010) ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದಿವೆ. ಮೂಲದವರ ಹೆಸರು ಹಾಕಿದರೆ ಬಳಸಿಕೊಳ್ಳಬಹುದು. ‘ಸಿಂಟೆಲ್’ನಲ್ಲಿ ತಾನು ಸಾಕಿದ ಡ್ರ್ಯಾಗನ್ ಮರಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಅದನ್ನು ಹುಡುಕಿ ಅಲೆಯುತ್ತಾಳೆ. ಹಿಮ, ಕಾದಾಟ, ಅಕ್ಕರೆ, ಎದೆ ಒಡೆಯುವ ದುಃಖ, ಎಲ್ಲವೂ ಸುಮಾರು ಹದಿನೈದು ನಿಮಿಷದೊಳಗೆ ಸಿಗುತ್ತವೆ. ನನ್ನನ್ನು ಕೇಳಿದರೆ ಅದಕ್ಕಿಂತಲೂ ಮೇಲು, ವಿದ್ಯಾರ್ಥಿಗಳ ಕಿರುಚಿತ್ರ. ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಂಥ ಕಡೆ ಸಂಗೀತಕ್ಕೆ ಜನ ಸಿಗದೆ ಪರದಾಡುವ ಹುಡುಗರಿರುತ್ತಾರೆ. ಅವರ ಚಿತ್ರಕ್ಕೆ ಕೆಲಸ ಮಾಡಿ, ಡೆಮೊದಲ್ಲಿ ಬಳಸಲು ಲಿಖಿತ ಒಪ್ಪಿಗೆ ಪಡೆಯಿರಿ. ನಿಮಗೆ ದೃಶ್ಯದ ಜೊತೆ, ಮುಂದೆ ದೊಡ್ಡ ಚಿತ್ರ ಮಾಡಬಹುದಾದ ಒಬ್ಬ ನಿರ್ದೇಶಕರ ಸ್ನೇಹವೂ ಸಿಗುತ್ತದೆ.

‘ಈಗ ಓಡುತ್ತಿರುವ ಸೌಂಡ್ ನನಗೂ ಬರುತ್ತೆ ಎಂದು ತೋರಿಸಬೇಕು’ ಎಂಬುದು ಇನ್ನೊಂದು ತಪ್ಪು ಕಲ್ಪನೆ. 2018ರಲ್ಲಿ ‘ಕೆಜಿಎಫ್’ ಬಂದಮೇಲೆ ಗುಂಪುಗಾಯನ, ಗುಡುಗುವ ಡ್ರಮ್ಮು ಇಲ್ಲದ ಡೆಮೊ ಅಪರೂಪವಾಯಿತು. ಆ ಸದ್ದು ಬೇಕಾದವರು ಅದನ್ನು ಮಾಡಿದ ರವಿ ಬಸ್ರೂರು ಅವರ ಬಳಿಯೇ ಹೋಗಬಹುದಲ್ಲ? 2020ರಲ್ಲಿ ‘ವೆಸ್ಟ್‌ವರ್ಲ್ಡ್’ ಸರಣಿಯ ಒಂದು ಚೇಸ್ ದೃಶ್ಯ ಕೊಟ್ಟು ಸ್ಪಿಟ್‌ಫೈರ್ ಆಡಿಯೊ ಕಂಪನಿ ಸಂಗೀತ ಸ್ಪರ್ಧೆ ನಡೆಸಿತು. ಸಾವಿರಾರು ಜನ ಕಳಿಸಿದರು. ಗೆದ್ದದ್ದು ಹಳೆಯ ವಿಡಿಯೊ ಗೇಮಿನ ಸದ್ದನ್ನು ಹೋಲುವ ಸಂಗೀತ. ಅದು ದೃಶ್ಯಕ್ಕೆ ಹೊಂದುವುದಿಲ್ಲ ಎಂದು ದೊಡ್ಡ ಜಗಳವೇ ಆಯಿತು. ಹೊಂದಿತೋ ಇಲ್ಲವೋ ಎಂಬ ಚರ್ಚೆ ನ್ಯಾಯವಾದದ್ದೇ. ಆದರೆ ಅಷ್ಟು ಜನರ ನಡುವೆ ಒಬ್ಬರ ಕಲ್ಪನೆ ಎದ್ದು ನಿಂತದ್ದಂತೂ ನಿಜ.

ಡೆಮೊಗೆ ದೊಡ್ಡ ಸ್ಟುಡಿಯೊ, ಪೂರ್ತಿ ಆರ್ಕೆಸ್ಟ್ರಾ ಬೇಕು ಎನ್ನುವುದೂ ಸುಳ್ಳು. ಇಂದಿನ ಸ್ಯಾಂಪಲ್ ಲೈಬ್ರರಿಗಳಲ್ಲಿ ತಂತಿವಾದ್ಯಗಳ ಸಮೂಹ, ತಾಳವಾದ್ಯಗಳು ಸಾಕಷ್ಟು ಚೆನ್ನಾಗಿಯೇ ನುಡಿಯುತ್ತವೆ. ಬಣ್ಣ ಬಯಲಾಗುವುದು ಒಂಟಿ ವಾದ್ಯದಲ್ಲಿ, ಅದರಲ್ಲೂ ಗಮಕದಲ್ಲಿ. ತೋಡಿಯ ಗಾಂಧಾರದಲ್ಲಿ ಆ ತೂಗಾಟವೇ ಸ್ವರದ ಜೀವ. ಕೀಬೋರ್ಡಿನ ಮನೆಯಿಂದ ಮನೆಗೆ ನೆಗೆದರೆ ಅದು ತೋಡಿಯಾಗಿ ಉಳಿಯುವುದಿಲ್ಲ. ಪಿಚ್ ಬೆಂಡ್ ಸ್ವಲ್ಪ ದೂರ ಕೈ ಹಿಡಿಯುತ್ತದೆ, ಅಷ್ಟೇ. ಇದ್ದ ದುಡ್ಡಿನಲ್ಲಿ ಒಬ್ಬ ಕೊಳಲು ಅಥವಾ ವೀಣೆಯವರನ್ನು ಒಂದು ಗಂಟೆಗೆ ಕರೆಸಿ. ಮೇಲೆ ಒಂದು ಜೀವಂತ ಎಳೆ ಓಡಿದರೆ ಕೆಳಗಿನ ಸ್ಯಾಂಪಲ್‌ಗಳೂ ನಂಬುವಂತಾಗುತ್ತವೆ.

ಜೋರಾಗಿದ್ದರೆ ಗೆದ್ದೆವು ಎಂಬ ಭ್ರಮೆಯನ್ನೂ ಬಿಡಿ. ಯೂಟ್ಯೂಬ್ ಸುಮಾರು -14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕಿಂತ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ; ಅದುಮಿ ಹಿಂಡಿದ್ದರಿಂದ ಆದ ಒರಟುತನ ಮಾತ್ರ ಉಳಿಯುತ್ತದೆ. ಕಳಿಸುವ ಮೊದಲು ಫೋನಿನ ಸ್ಪೀಕರಿನಲ್ಲಿ ಕೇಳಿ, ಏಕೆಂದರೆ 60 ಹರ್ಟ್ಸಿನ ಬೇಸ್ ಅಲ್ಲಿ ಕೇಳಿಸುವುದೇ ಇಲ್ಲ. ದೃಶ್ಯದ ಭಯವೆಲ್ಲ ಆ ಬೇಸಿನಲ್ಲೇ ಇದ್ದರೆ ಕೇಳುವವರಿಗೆ ಭಯವೇ ತಲುಪುವುದಿಲ್ಲ.

ಡೆಮೊ ಕಳಿಸಿದರೆ ಕೆಲಸ ಬರುತ್ತದೆ ಎಂಬ ನಂಬಿಕೆ ಮೇಲಿನ ಎಲ್ಲ ತಪ್ಪು ಕಲ್ಪನೆಗಳ ತಾಯಿ; ಕೆಲಸ ತರುವುದು ಈಗಾಗಲೇ ಮಾಡಿದ ಕೆಲಸ. 1992ರ ‘ರೋಜಾ’ಕ್ಕೆ ಮೊದಲು ಎ.ಆರ್. ರೆಹಮಾನ್ ವರ್ಷಗಟ್ಟಲೆ ಜಾಹೀರಾತುಗಳಿಗೆ ಜಿಂಗಲ್ ಮಾಡಿದ್ದರು. ಹಾನ್ಸ್ ಝಿಮ್ಮರ್‌ಗೆ ‘ರೇನ್ ಮ್ಯಾನ್’ (1988) ಸಿಕ್ಕಿದ್ದು, ‘ಎ ವರ್ಲ್ಡ್ ಅಪಾರ್ಟ್’ ಎಂಬ ಸಣ್ಣ ಚಿತ್ರಕ್ಕೆ ಅವರು ಮಾಡಿದ ಸಂಗೀತವು ‘ರೇನ್ ಮ್ಯಾನ್’ ನಿರ್ದೇಶಕ ಬ್ಯಾರಿ ಲೆವಿನ್ಸನ್ ಅವರ ಪತ್ನಿಯ ಕಿವಿಗೆ ಬಿದ್ದದ್ದರಿಂದ. ಮೊದಲು ಯಾರೋ ನಿಮ್ಮ ಹೆಸರು ಹೇಳುತ್ತಾರೆ, ಆಮೇಲೆ ‘ಏನಾದ್ರೂ ಇದ್ದರೆ ಕಳಿಸಿ’ ಎಂಬ ಮಾತು ಬರುತ್ತದೆ. ಆ ಮಾತು ಬಂದ ದಿನ ಡೆಮೊ ತಯಾರಿರಬೇಕು.

ಕಳಿಸುವಾಗ ಪ್ರತಿ ತುಣುಕಿನಲ್ಲಿ ನಿಮ್ಮ ಪಾಲು ಯಾವುದು ಎಂದು ಬರೆಯಿರಿ. ನಮ್ಮಲ್ಲಿ ಹೊಸಬರಲ್ಲಿ ಅನೇಕರು ಬೇರೆಯವರ ಬಳಿ ಕೀಬೋರ್ಡ್ ಪ್ರೋಗ್ರಾಮರ್ ಆಗಿ ದುಡಿದವರು. ಹೆಸರಿಲ್ಲದೆ ಮಾಡಿದ ಆ ಕೆಲಸ ಎಷ್ಟು ಎಂದು ನನಗೆ ಗೊತ್ತು, ಅದಕ್ಕೆ ಸಿಗಬೇಕಾದ ಮನ್ನಣೆ ಸಿಗದಿರುವುದು ಅನ್ಯಾಯ. ಆದರೂ ಇನ್ನೊಬ್ಬರ ಹೆಸರಿನಲ್ಲಿ ಹೊರಬಂದದ್ದನ್ನು ಒಪ್ಪಿಗೆಯಿಲ್ಲದೆ ನಿಮ್ಮ ರಾಗಸಂಯೋಜನೆ ಎಂದು ಹಾಕಬೇಡಿ. ಈ ಉದ್ಯಮ ಚಿಕ್ಕದು, ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆ. ‘ಪ್ರೋಗ್ರಾಮಿಂಗ್ ನನ್ನದು’ ಎಂದು ನೇರವಾಗಿ ಬರೆದರೆ ಯಾರೂ ಕಡಿಮೆ ಎಂದುಕೊಳ್ಳುವುದಿಲ್ಲ. ಭಾರವಾದ ಫೈಲುಗಳ ಬದಲು ಒಂದೇ ಲಿಂಕ್ ಕಳಿಸಿ, ಜೊತೆಗೆ ನಿಮ್ಮ ಹೆಸರು, ಫೋನ್ ನಂಬರ್ ಇರಲಿ. ಆ ಲಿಂಕ್ ಅನುಮತಿ ಕೇಳದೆ ತೆರೆದುಕೊಳ್ಳುತ್ತದೆಯೇ ಎಂದು ಮನೆಯವರ ಫೋನಿನಲ್ಲಿ ಒಮ್ಮೆ ಒತ್ತಿ ನೋಡಿ.