ಬಿಳಿಯುಡುಗೆಯ ತಾಯಂದಿರು

ಸಂಧಿಯೆಂಬುದು ರಾಜರಿಗೂ ಮಂತ್ರಿಗಳಿಗೂ ಸೇರಿದ ವಿಷಯವೆಂದು ನಮ್ಮಲ್ಲಿ ಅನೇಕರ ಭಾವನೆ. ಸಂತೆಯಲ್ಲಿ ಕುಳಿತು ವ್ಯಾಪಾರಮಾಡುವ ಹೆಂಗಸರಿಗೆ ಅದರಲ್ಲೇನು ಕೆಲಸವೆಂದು ಕೇಳುವವರು ಲೈಬೀರಿಯ ದೇಶದ ಈ ವೃತ್ತಾಂತವನ್ನು ಗಮನಿಸಬೇಕು.

ಪಶ್ಚಿಮ ಆಫ್ರಿಕದ ಈ ಸಣ್ಣ ದೇಶದಲ್ಲಿ 1989ರಲ್ಲಿ ಹೊತ್ತಿದ ಅಂತಃಕಲಹವು ನಡುವೆ ಎರಡು ವರ್ಷ ಅಡಗಿದಂತೆ ತೋರಿ, ಮತ್ತೆ ಭುಗಿಲೆದ್ದು 2003ರವರೆಗೂ ಉರಿಯಿತು. ಎಳೆಯ ಬಾಲಕರ ಕೈಗೂ ಬಂದೂಕು ಬಂದಿತು. ಹೆಂಗಸರ ಪಾಡನ್ನು ಇಲ್ಲಿ ವಿವರಿಸುವುದು ಬೇಡ.

ಯುದ್ಧದಲ್ಲಿ ಕೆಟ್ಟುಹೋದ ಹುಡುಗರನ್ನು ತಿದ್ದುವ ಸೇವೆಯಲ್ಲಿದ್ದ ಲೇಮಾ ಗ್ಬೋವಿ ಎಂಬಾಕೆ ಮೊದಲು ಕ್ರೈಸ್ತ ಸ್ತ್ರೀಯರನ್ನು ಕೂಡಿಸಿದರು. ಪೊಲೀಸು ಇಲಾಖೆಯಲ್ಲಿದ್ದ ಅಸಾಟು ಬಾ ಕೆನೆತ್ ಎಂಬವರು ಮುಸಲ್ಮಾನ ಸೋದರಿಯರನ್ನು ಕರೆತಂದರು. ಶುಕ್ರವಾರ ಮಸೀದಿ, ಶನಿವಾರ ಸಂತೆ, ಭಾನುವಾರ ಚರ್ಚು, ಹೀಗೆ ಇವರ ಸಂಚಾರ. ಓದುಬಾರದವರಿಗಾಗಿ ಚಿತ್ರ ಬರೆದ ಕರಪತ್ರಗಳನ್ನು ಹಂಚಿದರು. ಪತ್ರಿಕೆಗಿಂತ ಬಾಯಿಮಾತು ಬೇಗ ಹರಡುವುದೆಂಬುದನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲವಷ್ಟೆ!

2003ರ ಏಪ್ರಿಲ್ ತಿಂಗಳಿಂದ ಮನ್ರೋವಿಯ ನಗರದ ಮೀನುಪೇಟೆಯ ಬಯಲಿನಲ್ಲಿ, ಅಧ್ಯಕ್ಷ ಚಾರ್ಲ್ಸ್ ಟೇಲರನ ವಾಹನಗಳು ಹಾಯುವ ಹಾದಿಯ ಪಕ್ಕದಲ್ಲಿ, ಬಿಳಿಯುಡುಗೆಯುಟ್ಟು, ಒಡವೆ ಕಳಚಿಟ್ಟು ಇವರು ಕುಳಿತರು. ಬಿಸಿಲಾಯಿತು, ಮಳೆಯಾಯಿತು, ಏಳಲಿಲ್ಲ. ಗಂಡಂದಿರೊಡನೆ ಸಂಸಾರ ಮಾಡಲೊಲ್ಲೆವೆಂದು ಕೆಲವರು ಹಿಡಿದ ಹಟವನ್ನು ಪರದೇಶದ ಪತ್ರಿಕೆಗಳು ಬಹಳವಾಗಿ ಬರೆದವು. ಅದರಿಂದ ಪ್ರಚಾರವಾಯಿತೇ ಹೊರತು ಹೆಚ್ಚಿನ ಕಾರ್ಯವಾಗಲಿಲ್ಲವೆಂದು ಗ್ಬೋವಿಯವರೇ ಹೇಳಿರುವರು. ಕಾರ್ಯವಾದದ್ದು ಆ ಬಯಲಿನ ತಾಳ್ಮೆಯಿಂದ. ಏಪ್ರಿಲ್ 23ರಂದು ಟೇಲರನು ಇವರ ಬಿನ್ನಹವನ್ನು ಕೇಳಲೇಬೇಕಾಯಿತು.

ಜೂನಿನಲ್ಲಿ ಘಾನಾ ದೇಶದ ಅಕ್ರಾ ನಗರದಲ್ಲಿ ಸಂಧಿಯ ಮಾತುಕತೆ ತೊಡಗಿತು. ವಾರಗಳು ಕಳೆದರೂ ಫಲವಿಲ್ಲ. ನಾಯಕರು ಹೋಟೆಲಿನ ಸುಖದಲ್ಲಿದ್ದರು, ಮನ್ರೋವಿಯದಲ್ಲಿ ಗುಂಡುಗಳು ಬೀಳುತ್ತಿದ್ದವು. ಜುಲೈ 21ರಂದು ಈ ಸ್ತ್ರೀಯರು ತೋಳಿಗೆ ತೋಳು ಹೆಣೆದು ಸಭಾಭವನದ ಬಾಗಿಲಿಗೆ ಅಡ್ಡ ಕುಳಿತರು. ಕಾವಲುಗಾರರು ಸೆರೆಹಿಡಿಯಲು ಬರಲು, ಗ್ಬೋವಿಯವರು ತಮ್ಮ ಉಡುಗೆಯನ್ನೇ ಕಳಚಲಾರಂಭಿಸಿದರು. ತಾಯಿಯ ಬೆತ್ತಲೆಯನ್ನು ಕಾಣುವುದು ಆ ನಾಡಿನಲ್ಲಿ ಘೋರಶಾಪ. ಕಾವಲುಗಾರರು ಹಿಮ್ಮೆಟ್ಟಿದರು, ಮಧ್ಯಸ್ಥರಾಗಿದ್ದ ನೈಜೀರಿಯದ ಜನರಲ್ ಅಬೂಬಕರ್ ಇವರ ಮಾತಿಗೆ ಕಿವಿಗೊಟ್ಟರು. ಆಗಸ್ಟ್ 11ರಂದು ಟೇಲರನು ಅಧಿಕಾರ ಬಿಟ್ಟನು. 18ರಂದು ಒಪ್ಪಂದಕ್ಕೆ ಸಹಿಯಾಯಿತು. ಪರರಾಷ್ಟ್ರಗಳ ಒತ್ತಾಯವೂ ಇದಕ್ಕೆ ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ.

ಸಹಿಯಾಯಿತೆಂದು ಇವರು ಮನೆಗೆ ಮರಳಲಿಲ್ಲ. ಡಿಸೆಂಬರಿನಲ್ಲಿ ಆಯುಧಗಳನ್ನು ಒಪ್ಪಿಸಿಕೊಳ್ಳುವ ಶಿಬಿರದಲ್ಲಿ ದೊಡ್ಡ ಗಲಭೆಯಾದಾಗ, ಬಂದೂಕು ಹಿಡಿದ ಆ ಹುಡುಗರನ್ನು ಸಂತೈಸಲು ಈ ತಾಯಂದಿರೇ ಹೋದರು. 2005ರ ಚುನಾವಣೆಗೆ ಮನೆಮನೆಯ ಹೆಂಗಸರ ಹೆಸರು ಬರೆಯಿಸಿದರು. ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು, 2006ರ ಜನವರಿಯಲ್ಲಿ ಅಧ್ಯಕ್ಷಪದವಿಯನ್ನು ಏರಿದರು. ಮರುವರ್ಷ ವಿಶ್ವಸಂಸ್ಥೆಯ ಪರವಾಗಿ ಆ ನಾಡಿನ ಕಾವಲಿಗೆ ನಮ್ಮ ಭಾರತದಿಂದ ಒಂದು ಮಹಿಳಾ ಪೊಲೀಸು ಪಡೆಯು ಹೋಯಿತು; ಲೋಕದಲ್ಲಿ ಅಂತಹ ಪಡೆ ಅದೇ ಮೊದಲನೆಯದು.