ಗಡಸುನೀರೂ ಕಾಯುವ ಎಂಜಿನ್ನೂ

ಗುಬ್ಬಿ, ಕುಣಿಗಲು, ತುಮಕೂರುಗಳ ಸುತ್ತಣ ಹಳ್ಳಿಗಳಲ್ಲಿ ರಾಗಿಯ ಒಕ್ಕಣೆ ಮೊದಲಾಯಿತೆಂದರೆ ಟ್ರ್ಯಾಕ್ಟರು ‘ಹೀಟ್ ಆಗುತ್ತಿದೆ’ ಎಂಬ ದೂರೂ ಅದರ ಬೆನ್ನಿಗೇ ಕೇಳಿಬರುತ್ತದೆ. ಆದರೆ ಒಕ್ಕಣೆ ನಡೆಯುವುದು ಚಳಿಗಾಲದಲ್ಲಿ, ಬಿಸಿಲನ್ನು ಹಳಿಯುವಂತಿಲ್ಲ. ಎಂಜಿನ್ನಿನಲ್ಲಿ ಡೀಸೆಲು ಉರಿದು ಹುಟ್ಟುವ ಉಷ್ಣದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ದುಡಿಮೆಗೆ ಒದಗಿ, ಇನ್ನೊಂದು ಪಾಲು ಹೊಗೆಯೊಡನೆ ಹೊರಬಿದ್ದು, ಉಳಿದುದರಲ್ಲಿ ಬಹುಭಾಗವನ್ನು ರೇಡಿಯೇಟರಿನ ನೀರೇ ಹೊತ್ತು ಸಾಗಿಸಬೇಕಾಗಿರುವುದರಿಂದ, ಆ ನೀರು ಎಂತಹುದು ಎಂಬ ಪ್ರಶ್ನೆಯನ್ನೇ ಮೊದಲು ಕೇಳುವುದು ಯುಕ್ತ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಅಷ್ಟು ಹಗುರವಾದುದಲ್ಲ. ಹೇಮಾವತಿಯ ನಾಲೆಯ ನೀರು ಬಂದಿರುವ ಕಡೆಗಳನ್ನು ಬಿಟ್ಟರೆ ಹೊಲಗದ್ದೆಗಳಲ್ಲಿ ಕೈಗೆಟಕುವುದು ಕೊಳವೆಬಾವಿಯ ಗಡಸುನೀರು. ಕೊಡದಲ್ಲಿ ಹಿಡಿದು ರೇಡಿಯೇಟರಿನ ಬಾಯಿಗೆ ಸುರಿಯುವುದೂ ಅದನ್ನೇ. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾಯುತ್ತಲೇ ಬೇರ್ಪಟ್ಟು, ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವಂತೆಯೇ ಎಂಜಿನ್ನಿನ ನೀರಿನ ದಾರಿಗಳಲ್ಲಿಯೂ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿಯೂ ಹೆಪ್ಪುಗಟ್ಟುತ್ತವೆ. ಈ ಹಕ್ಕಳೆ ಉಷ್ಣವನ್ನು ಸುಲಭವಾಗಿ ದಾಟಗೊಡದು. ಆದಕಾರಣ ರೇಡಿಯೇಟರು ತುಂಬಿದ್ದರೂ ಸಿಲಿಂಡರಿನ ಗೋಡೆ ಕಾಯುತ್ತಲೇ ಹೋಗುತ್ತದೆ.

‘ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲವಲ್ಲ, ಕೂಲಂಟಿಗೆ ದುಡ್ಡೇಕೆ ಸುರಿಯಬೇಕು?’ ಎಂದು ಕೇಳುವವರುಂಟು. ಕೇಳತಕ್ಕ ಮಾತೇ. ಕೂಲಂಟಿನ ಮುಖ್ಯ ದ್ರವ್ಯವಾದ ಎಥಿಲೀನ್ ಗ್ಲೈಕಾಲನ್ನು ನೀರಿಗೆ ಸರಿಪಾಲು ಬೆರೆಸಿದಾಗ ಅದು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು ಎಂಬ ಗುಣದಿಂದ ನಮಗೆ ಪ್ರಯೋಜನವಿಲ್ಲ. ಆದರೆ ಕೂಲಂಟಿನಲ್ಲಿ ಸೇರಿರುವ ತುಕ್ಕುನಿರೋಧಕ ದ್ರವ್ಯಗಳು ಲೋಹವನ್ನು ಕಾಪಾಡುತ್ತವೆ, ಕುದಿಬಿಂದುವೂ ಏರುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 820 ಮೀಟರು ಎತ್ತರದಲ್ಲಿರುವ ತುಮಕೂರಿನಲ್ಲಿ ಬರಿಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು. ಹಾಗೆಂದು ಅಪ್ಪಟ ಕೂಲಂಟನ್ನೇ ತುಂಬುವುದೂ ಸಲ್ಲದು. ಉಷ್ಣವನ್ನು ಹೊರುವುದರಲ್ಲಿ ನೀರೇ ಮೇಲು. ಬೆರೆಸುವ ನೀರು ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರತಕ್ಕದ್ದು. ಬಣ್ಣ ನೋಡಿ ಕೂಲಂಟು ಕೊಳ್ಳುವುದು ವ್ಯರ್ಥ; ಹಸುರೋ ಕೆಂಪೋ ತಯಾರಕರು ಬೆರೆಸಿದ ರಂಗಷ್ಟೆ. ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಜಾತಿಯದೇ ಆಗಬೇಕು.

ರೇಡಿಯೇಟರಿನ ಮುಚ್ಚಳವನ್ನು ಜನ ಲೆಕ್ಕಕ್ಕೇ ತರುವುದಿಲ್ಲ. 0.9 ಬಾರ್ ಒತ್ತಡ ತಡೆಯುವ ಮುಚ್ಚಳವಿದ್ದರೆ ನಮ್ಮೂರಿನ ಬರಿಯ ನೀರು ಕೂಡ 115 ಡಿಗ್ರಿ ದಾಟುವವರೆಗೆ ಕುದಿಯದು. ಅದರ ರಬ್ಬರು ಸವೆದರೆ ಆ ಅನುಕೂಲವೆಲ್ಲ ಹೋಯಿತು. ಕಾದ ಎಂಜಿನ್ನಿನ ಮುಚ್ಚಳವನ್ನು ಅವಸರದಿಂದ ತಿರುಗಿಸಿದಾಗ ಒತ್ತಡ ಒಮ್ಮೆಗೇ ಇಳಿದು, ಒಳಗಿನ ದ್ರವವೆಲ್ಲ ತತ್‌ಕ್ಷಣ ಕುದಿದು ಮುಖಕ್ಕೆ ಚಿಮ್ಮುವುದೂ ಇದೇ ಕಾರಣಕ್ಕೆ. ಎಂಜಿನ್ ತಾನಾಗಿ ಆರಬೇಕು. ಆರುವ ಮೊದಲೇ ತಣ್ಣೀರು ಸುರಿದರೆ ಹೆಡ್ಡು ಬಿರುಕು ಬಿಡಬಹುದು.

ಹೀಟ್ ಆಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಇದು ರೋಗ ಬಿಟ್ಟು ಕಾವಲುಗಾರನನ್ನು ದಂಡಿಸುವ ಕೆಲಸ. ಸಾಮಾನ್ಯವಾಗಿ 80 ಡಿಗ್ರಿಯ ಆಚೆಗೆ ತೆರೆದುಕೊಳ್ಳುವ ಆ ಕವಾಟ ಇಲ್ಲವಾದರೆ ಎಂಜಿನ್ ಹದವಾಗಿ ಕಾಯದೆ, ಡೀಸೆಲು ಹೆಚ್ಚು ಉಂಡು, ಬೇಗ ಸವೆಯುತ್ತದೆ.

ಗಾಳಿಯ ದಾರಿಯ ವಿಚಾರ ಇನ್ನೊಂದು. ಹಿಮದ ನಾಡುಗಳಲ್ಲಿ ಓಡಿಸುವ ಸ್ನೋಮೊಬೈಲುಗಳ ಪೈಕಿ ದ್ರವದಿಂದ ತಣಿಯುವಂಥವಕ್ಕೆ ಓಡುವಾಗ ಅಡಿಯಲ್ಲಿ ಸುತ್ತುವ ಪಟ್ಟಿ ಎರಚುವ ಹಿಮವೇ ತಂಪು. ಬರಿಯ ಮಂಜುಗಡ್ಡೆಯ ಮೇಲೆ ಹಿಮ ಸಾಲದೆ ಅವೂ ಕಾಯುತ್ತವೆ. ಕಣದಲ್ಲಿ ನಿಂತಲ್ಲೇ ಒಕ್ಕಣೆಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಪಾಡೂ ಇಂಥದೇ: ಎದುರುಗಾಳಿ ಇಲ್ಲ, ಫ್ಯಾನೊಂದೇ ಗತಿ. ಆ ಫ್ಯಾನು ಎಳೆಯುವ ಗಾಳಿಯೊಡನೆ ರಾಗಿಯ ಹೊಟ್ಟು, ತೆಂಗಿನ ನಾರಿನ ಧೂಳು ರೇಡಿಯೇಟರಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ಆರಿದ ಮೇಲೆ ಒಳಗಿನಿಂದ ಹೊರಗಡೆಗೆ ಗಾಳಿಯೂದಿ ಆ ಹೊಟ್ಟನ್ನು ಕೆಡಹಬೇಕು. ಫ್ಯಾನ್ ಬೆಲ್ಟು ಸಡಿಲವಾಗಿದೆಯೇ ಎಂದು ಅದೇ ಹೊತ್ತಿಗೆ ಒತ್ತಿ ನೋಡಬಹುದು. ಡಿಪ್‌ಸ್ಟಿಕ್ಕಿನ ಆಯಿಲು ಹಾಲು ಬೆರೆತಂತೆ ಬಿಳಿಚಿದ್ದರೆ ನೀರು ಒಳಗೆ ಸೇರಿದೆಯೆಂದೇ ಅರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವೇ ಹೆಚ್ಚು, ಆಗ ಎಂಜಿನ್ ಚಾಲೂ ಮಾಡಕೂಡದು.

ಬಸಿದು ತೆಗೆದ ಹಳೆಯ ಕೂಲಂಟನ್ನು ಕೊಟ್ಟಿಗೆಯ ಬಳಿ ಚೆಲ್ಲಬಾರದು. ಗ್ಲೈಕಾಲು ಸಿಹಿಯಾಗಿರುವುದರಿಂದ ನಾಯಿಯೋ ಕರುವೋ ಅದನ್ನು ನೆಕ್ಕೀತು. ಅದು ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುವ ವಿಷ. ಮುಚ್ಚಳವುಳ್ಳ ಡಬ್ಬಿಗೆ ತುಂಬಿ, ಮಕ್ಕಳ ಕೈಗೆ ಸಿಗದೆಡೆಯಲ್ಲಿಟ್ಟು, ಹಳೆಯ ಆಯಿಲಿನೊಡನೆ ಬೆರೆಸದೆ ಸರ್ವೀಸ್ ಮಾಡುವವರಿಗೆ ಒಪ್ಪಿಸತಕ್ಕದ್ದು.