ಆಸ್ಪತ್ರೆಯ ಹೊರಗಿನ ಆರೋಗ್ಯ

ಬೆಂಗಳೂರಿನ ಬನಶಂಕರಿಯಿಂದ ಉತ್ತರಕ್ಕೆ ಬಸವನಗುಡಿಯ ಕಡೆ ನಡೆದರೆ, ನೇರವಾದ ಅಗಲ ರಸ್ತೆಗಳೂ ಅವುಗಳ ಇಕ್ಕೆಲದ ಮರಗಳೂ ಕಣ್ಣಿಗೆ ಬೀಳುತ್ತವೆ. ಹಳೆಯ ಮನೆಗಳ ಸಾಲಿನ ಹಿಂದೆ ಅಲ್ಲಲ್ಲಿ ಕಿರಿದಾದ ಓಣಿಗಳಿವೆ. ಅವು ಮನೆಗಳ ಕಸವನ್ನೂ ಕೊಳೆಯನ್ನೂ ಸಾಗಿಸಲೆಂದೇ ಬಿಟ್ಟ ದಾರಿಗಳು. ಈ ಬಡಾವಣೆಯ ಅಂದವನ್ನು ಮೆಚ್ಚುವವರು ಬಹುಮಂದಿ. ಇದರ ಬೆಳವಣಿಗೆಯ ಹಿಂದೆ ಒಂದು ಮಹಾಮಾರಿಯ ಕಥೆಯಿದೆಯೆಂಬುದನ್ನು ಬಲ್ಲವರು ಕಡಮೆ.

1898ರ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲು ದಾರಿ ಹಿಡಿದು ಬೆಂಗಳೂರನ್ನು ಹೊಕ್ಕಿತು. ಅಂದಿನ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಗಾಳಿ ಬೆಳಕು ಕಾಣದ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದುವು. ದವಸದ ಮಂಡಿಗಳಲ್ಲಿಯೂ ಮನೆಯ ಅಟ್ಟಗಳಲ್ಲಿಯೂ ಇಲಿಗಳು ತುಂಬಿದ್ದುವು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ತರುತ್ತದೆಯೆಂಬುದನ್ನು ಫ್ರಾನ್ಸ್ ದೇಶದ ವೈದ್ಯ ಪಾಲ್ ಲೂಯಿ ಸಿಮಾಂಡ್ ಅದೇ ವರ್ಷ ಕಂಡುಹಿಡಿದಿದ್ದನು. ಆದರೆ ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಈ ನಡುವೆ ಸಾವಿರಾರು ಜನ ಸತ್ತರು. ಅನೇಕರು ಮನೆಗಳಿಗೆ ಬೀಗ ಹಾಕಿ, ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. ಅಧಿಕಾರಿಗಳು ಮನೆಮನೆಯನ್ನು ಶೋಧಿಸಿದರು. ರೋಗಿಗಳನ್ನು ಪ್ರತ್ಯೇಕ ಶಿಬಿರಗಳಿಗೆ ಸಾಗಿಸಿದರು. ಉದ್ದೇಶವೇನೋ ಒಳ್ಳೆಯದೇ. ಆದರೆ ಕರೆದೊಯ್ದ ತಾಯಿ ಮರಳಿ ಬರುವಳೋ ಇಲ್ಲವೋ ಎಂಬ ಭಯದಿಂದ ಜನರು ರೋಗಿಗಳನ್ನು ಅಡಗಿಸಿಟ್ಟರು. ರೋಗವಿರುವ ಮನೆ ಯಾವುದೆಂಬುದು ಅಧಿಕಾರಿಗಳಿಗೆ ತಿಳಿಯದಾಯಿತು. ಆ ಮನೆಯವರು ಇಲಿ ಸತ್ತ ಅದೇ ಮನೆಯಲ್ಲಿ ಉಳಿದರು. ಜನರ ವಿಶ್ವಾಸವಿಲ್ಲದೆ ಆರೋಗ್ಯ ರಕ್ಷಣೆ ಸಾಗದೆಂಬ ಪಾಠ ಹೀಗೆ ಬಲು ದುಬಾರಿಯಾಯಿತು.

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಕೆಲವು ವರ್ಷಗಳ ಹಿಂದೆಯೇ ಮೊದಲಾಗಿತ್ತು. ಪ್ಲೇಗು ಅವುಗಳ ಬೆಳವಣಿಗೆಗೆ ವೇಗ ತಂದಿತು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳ ಮೂಲಕ ನಗರಕ್ಕೆ ಬಂದಿತ್ತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಆಸ್ಪತ್ರೆಯು ರೋಗ ಬಂದವನನ್ನು ಉಪಚರಿಸುತ್ತದೆ. ಶುದ್ಧ ನೀರು, ಚರಂಡಿ, ಗಾಳಿಯಾಡುವ ಮನೆಗಳು ರೋಗವೇ ಬಾರದಂತೆ ತಡೆಯುತ್ತವೆ. ಎರಡೂ ಬೇಕು. ಆದರೆ ನಿವೇಶನ ಕೊಳ್ಳಬಲ್ಲವರು ಹೊಸ ಬಡಾವಣೆಗೆ ಬಂದರು. ಕೊಳ್ಳಲಾರದವರು ಇಕ್ಕಟ್ಟಿನಲ್ಲಿಯೇ ಉಳಿದರು. ಬಡತನವೂ ಆರೋಗ್ಯವನ್ನು ನಿರ್ಧರಿಸುವ ಒಂದು ಕಾರಣವೆಂಬುದನ್ನು ಇಲ್ಲಿ ಕಾಣಬಹುದು.

ಇಂದು ಬನಶಂಕರಿಯ ಮನೆಗಳಲ್ಲಿ ಪ್ಲೇಗಿನ ಭಯವಿಲ್ಲ. ಇಲಿಯ ಸ್ಥಾನವನ್ನು ಸೊಳ್ಳೆ ಪಡೆದಿದೆ. 1974ರಿಂದ ಕಾವೇರಿಯ ನೀರು ಬೆಂಗಳೂರಿಗೆ ಬರುತ್ತಿದ್ದರೂ ಅದು ಎಲ್ಲೆಡೆ ಹಗಲಿರುಳೂ ಹರಿಯುವುದಿಲ್ಲ. ಆದ್ದರಿಂದ ಜನರು ನೀರನ್ನು ತೊಟ್ಟಿಗಳಲ್ಲಿಯೂ ಡ್ರಮ್ಮುಗಳಲ್ಲಿಯೂ ತುಂಬಿಡುತ್ತಾರೆ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ತೊಳೆಯಬೇಕೆನ್ನುವುದು ಇದಕ್ಕಾಗಿಯೇ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಒಂದು ಮನೆಯವರು ತೊಳೆದು ನೆರೆಮನೆಯವರು ತೊಳೆಯದಿದ್ದರೆ ಫಲವಿಲ್ಲ. ಸೊಳ್ಳೆಗೆ ಕಾಂಪೌಂಡಿನ ಗೋಡೆ ಅಡ್ಡಿಯಲ್ಲ.

ಇಂಥ ಎಚ್ಚರವನ್ನು ಮನೆಯ ಬಾಗಿಲಿಗೆ ಮುಟ್ಟಿಸುವುದೇ ಪ್ರಾಥಮಿಕ ಆರೋಗ್ಯ ಸೇವೆಯ ಮುಖ್ಯ ಕೆಲಸ. ಚಿಕಿತ್ಸೆಯೂ ರೋಗತಡೆಯೂ ಜೊತೆಜೊತೆಯಾಗಿ ನಡೆಯಬೇಕೆಂದು ಭೋರ್ ಸಮಿತಿ 1946ರಲ್ಲಿ ಹೇಳಿತು. 1978ರಲ್ಲಿ ಆಲ್ಮಾ ಅಟಾ ನಗರದಲ್ಲಿ ಸೇರಿದ ಜಗತ್ತಿನ ರಾಷ್ಟ್ರಗಳು ಪ್ರಾಥಮಿಕ ಆರೋಗ್ಯ ಸೇವೆಯೇ ಎಲ್ಲರ ಆರೋಗ್ಯಕ್ಕೆ ದಾರಿಯೆಂದು ಸಾರಿದುವು. ನಮ್ಮ ದೇಶದ ಬಯಲು ಸೀಮೆಯ ಹಳ್ಳಿಗಳಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ, ನಗರದಲ್ಲಿ ಸುಮಾರು 50,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ನಿಯಮ. ಕರ್ನಾಟಕದ ನಗರಗಳಲ್ಲಿ 2022ರ ಡಿಸೆಂಬರಿನಿಂದ ‘ನಮ್ಮ ಕ್ಲಿನಿಕ್’ಗಳೂ ಇವುಗಳ ಜೊತೆಗೂಡಿವೆ.

ಆದರೆ ಕಟ್ಟಡವಿದ್ದ ಮಾತ್ರಕ್ಕೆ ಸೇವೆ ದೊರೆಯಿತೆಂದು ಹೇಳಲಾಗದು. ಮನೆಗೆಲಸಕ್ಕೆ ಹೋಗುವ ತಾಯಿಯೊಬ್ಬಳು ಮಗುವಿನ ಜ್ವರಕ್ಕೆ ಔಷಧಿ ತರಲು ಒಂದು ದಿನದ ಕೂಲಿಯನ್ನೇ ಬಿಡಬೇಕಾದರೆ, ಉಚಿತ ಔಷಧಿಯೂ ಅವಳಿಗೆ ದುಬಾರಿಯೇ. ಕೇಂದ್ರವು ಎಷ್ಟು ದೂರದಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ, ಒಳಗಿರುವವರು ಆದರದಿಂದ ಮಾತನಾಡಿಸುವರೇ ಎಂಬುವೂ ಔಷಧಿಯಷ್ಟೇ ಮುಖ್ಯ.

ಜ್ವರದ ಲೆಕ್ಕ ಕೇಳಲು, ತೊಟ್ಟಿಯನ್ನು ನೋಡಲು ಆಶಾ ಕಾರ್ಯಕರ್ತೆ ನಮ್ಮ ಬಾಗಿಲಿಗೂ ಬರುತ್ತಾಳೆ. 1898ರಲ್ಲಿ ಹೆದರಿದ ಜನರು ಬಾಗಿಲು ಮುಚ್ಚಿದರು. ನಾವು ತೆರೆಯೋಣ, ಅವಳು ಕೇಳಿದ್ದಕ್ಕೆ ನಿಜವನ್ನೇ ಹೇಳೋಣ. ಊರಿನ ಆರೋಗ್ಯ ಆ ಹೊಸ್ತಿಲಿನಲ್ಲಿಯೇ ಆರಂಭವಾಗುತ್ತದೆ.